ಮಂಗಳವಾರದ ಚೆಂಡು

ಬಿಳಿ ಹಲಗೆಯ ಮೇಲೆ ಹದಿನೇಳು ಕಾರಣಗಳಿದ್ದವು. ಹದಿನೆಂಟನೆಯದನ್ನು ಬರೆಯುತ್ತಿದ್ದವನ ಬೆನ್ನು ನೋಡುತ್ತ ವೆಂಡೆಲ್ ಸ್ಟೌಟ್ ತನ್ನ ಮುಂದಿದ್ದ ಸೂಪಿನ ಬಟ್ಟಲನ್ನು ದೂರ ತಳ್ಳಿದ. ತಪ್ಪು ಸೂಪಿನದಲ್ಲ.

ಎರಡು ವಾರದ ಹಿಂದೆ ಅಮೆರಿಕದ ಹನ್ನೆರಡು ಮಂದಿಯ ಗಾಲ್ಫ್ ತಂಡ ತನ್ನದೇ ನೆಲದಲ್ಲಿ, ತನ್ನದೇ ಜನರ ಎದುರು, ಯುರೋಪಿನವರ ಕೈಯಲ್ಲಿ ಏಳು ಅಂಕದಿಂದ ಸೋತಿತ್ತು. ತಂಡವನ್ನು ಬುಡದಿಂದ ಕಟ್ಟಬೇಕೆಂದು ಸಮಿತಿ ಮಾಡಿ, ಒಹಾಯೋದ ಈ ಕ್ಲಬ್ಬಿನಲ್ಲಿ ಹನ್ನೊಂದು ಮಂದಿಯನ್ನು ಕೂರಿಸಿದ್ದರು. ಬೆಳಗ್ಗೆಯಿಂದ ಹೊರಬಿದ್ದ ಕಾರಣಗಳೋ, ದೇವರೇ ಗತಿ. ಬಸ್ಸಿನ ಸೀಟು ಗಟ್ಟಿ ಇತ್ತು. ಮಳೆಕೋಟಿನ ತೋಳು ಬಿಗಿಯಾಗಿತ್ತು. ಔತಣದ ಭಾಷಣ ಉದ್ದವಾಯಿತು. ಹುಲ್ಲನ್ನು ಅತಿ ಸಣ್ಣಗೆ ಕತ್ತರಿಸಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಇವರು ಆ ಡೊಂಕನ್ನು ಅಳೆಯಲು ಇಬ್ಬರು ತಜ್ಞರನ್ನೂ ಕರೆಸಿದ್ದರು.

ವೆಂಡೆಲ್‌ಗೆ ಅಸಲು ಕಾರಣ ಗೊತ್ತಿತ್ತು. ತಾನು ಆಡದೆ ಆಟಗಾರರನ್ನು ನೋಡಿಕೊಳ್ಳುವ ಉಪನಾಯಕನಾಗಿ ಅವನು ಅದನ್ನು ಕಣ್ಣಾರೆ ಕಂಡಿದ್ದ.

ಜೋಡಿ ಆಟದಲ್ಲಿ ಇಬ್ಬರಿಗೆ ಒಂದೇ ಚೆಂಡು. ಒಬ್ಬ ಹೊಡೆದ ಮೇಲೆ ಇನ್ನೊಬ್ಬ ಹೊಡೆಯಬೇಕು. ಆದರೆ ಒಬ್ಬೊಬ್ಬ ಆಟಗಾರನಿಗೂ ವರ್ಷಗಟ್ಟಲೆ ಕೈಗೆ ಒಗ್ಗಿದ ಚೆಂಡು ಬೇರೆ. ಒಂದು ಮೆತ್ತಗೆ ಬಿದ್ದು ನಿಲ್ಲುತ್ತದೆ, ಇನ್ನೊಂದು ಉರುಳಿಕೊಂಡು ಹೋಗುತ್ತದೆ. ಗುಳಿಯ ಹತ್ತಿರ ಚೆಂಡನ್ನು ನಿಲ್ಲಿಸುವ ಎರಡನೆಯ ಹೊಡೆತವೇ ಕಷ್ಟದ್ದಾದ್ದರಿಂದ, ಮೊದಲು ಹೊಡೆಯುವವನು ಜೊತೆಗಾರನ ಚೆಂಡಿನಲ್ಲಿ ಹೊಡೆಯುವುದು ವಾಡಿಕೆ. ಕೈ ಒಗ್ಗಲಿ ಎಂದೇ ಪಂದ್ಯದ ಮುಂಚಿನ ಮಂಗಳವಾರದ ಅಭ್ಯಾಸ ಇಟ್ಟಿರುತ್ತಾರೆ. ಆ ಮಂಗಳವಾರ ತಂಡದ ದೊಡ್ಡ ತಾರೆ ಬ್ರೈಸ್ ಟಾಲಿವರ್ ಮಧ್ಯಾಹ್ನವೆಲ್ಲ ತನ್ನ ಚೆಂಡಿನಲ್ಲೇ ಹೊಡೆದ. ಅವನ ಜೋಡಿ ಮಿಚ್ ಒಸೆಲೊ ತಂಡಕ್ಕೆ ಹೊಸಬ, ಸಂಕೋಚದ ಮನುಷ್ಯ. ತನ್ನ ಚೆಂಡನ್ನು ಒಂದೇ ಸಲ ಅವನ ಮುಂದೆ ಹಿಡಿದಿದ್ದ.

"ಇಟ್ಕೊಳಯ್ಯ ಅದನ್ನ ಜೇಬಲ್ಲಿ," ಅಂದಿದ್ದ ಬ್ರೈಸ್. "ಮಂದಿ ಎಂಜಲು ನಂಗಾಗಲ್ಲ."

ಮಿಚ್ ವೆಂಡೆಲ್ ಕಡೆ ನೋಡಿದ್ದ. ವೆಂಡೆಲ್ ನಕ್ಕು, "ಹೋಗ್ಲಿ ಬಿಡಪ್ಪ" ಅಂದಿದ್ದ. ಮುಂದಿನ ನಾಯಕನನ್ನು ಆರಿಸುವಾಗ ಆಟಗಾರರ ಮಾತು ನಡೆಯುತ್ತಿತ್ತು, ಆಟಗಾರರಲ್ಲಿ ಬ್ರೈಸನ ಮಾತು. ಆ ಪಟ್ಟಕ್ಕಾಗಿ ವೆಂಡೆಲ್ ಇಪ್ಪತ್ತು ವರ್ಷದಿಂದ ಬಾಯಿ ಬಿಟ್ಟುಕೊಂಡು ಕಾದಿದ್ದ. ಶನಿವಾರದ ಜೋಡಿ ಆಟದ ಕೊನೆಯ ಗುಳಿಯಲ್ಲಿ, ಕೈಗೆ ಒಗ್ಗದ ಬ್ರೈಸನ ಚೆಂಡಿಗೆ ಮಿಚ್ ಹೊಡೆದ ಎರಡನೆಯ ಹೊಡೆತ ಹುಲ್ಲಿನ ಮೇಲೆ ನಿಲ್ಲದೆ ಕೊಳಕ್ಕೆ ಉರುಳಿತು. ಇಡೀ ದೇಶ ಅದನ್ನು ಟೀವಿಯಲ್ಲಿ ನೂರು ಸಲ ನೋಡಿತು.

ಹತ್ತೊಂಬತ್ತನೆಯ ಕಾರಣ ಹಲಗೆಯ ಮೇಲೆ ಬಂತು: ಒಸೆಲೊನಂಥ ಎದೆಗಾರಿಕೆ ಇಲ್ಲದವರನ್ನು ಆರಿಸಿದ್ದು. ಹೊಸ ತಂಡದ ಪಟ್ಟಿಯಿಂದ ಅವನ ಹೆಸರು ಹೊಡೆದುಹಾಕಿಯೂ ಆಯಿತು.

ಬಿಡುವಿನಲ್ಲಿ ಅಧ್ಯಕ್ಷ ಹ್ಯಾಡ್ಲಿ ಪ್ರೂಯಿಟ್ ವೆಂಡೆಲ್‌ನ ಹೆಗಲ ಮೇಲೆ ಕೈ ಹಾಕಿ ಪಡಸಾಲೆಯ ಕಿಟಕಿಯ ಬಳಿ ಕರೆದೊಯ್ದ. ಇನ್ನೊಂದು ಕೈಯಲ್ಲಿ ಹೊಸ ನೀಲಿ ಕೋಟಿತ್ತು.

"ನಿನ್ನ ಅಳತೇನೇ ಕಣಯ್ಯ. ಹುಡುಗರಿಗೆಲ್ಲ ನೀನೇ ಕ್ಯಾಪ್ಟನ್ ಆಗ್ಬೇಕಂತೆ. ಬ್ರೈಸ್ ಖುದ್ದಾಗಿ ಫೋನ್ ಮಾಡಿದ್ದ. ವರದಿಗೆ ಒಂದು ಸಹಿ ಗೀಚು, ಇದನ್ನ ತೊಟ್ಕೊಂಡು ಹೋಗು."

"ಹತ್ತೊಂಬತ್ತೂ ನಿಜ ಅಂತ ಸಹಿ ಹಾಕ್ಬೇಕಾ?"

"ನಿಜ ಯಾರಿಗೆ ಬೇಕು ಮಾರಾಯ? ಸೋತ ಮೇಲೆ ಜನಕ್ಕೆ ಏನೋ ಒಂದು ಹೇಳ್ಬೇಕಲ್ಲ."

ಕೋಟಿನ ಜೇಬಿನ ಮೇಲೆ ಚಿನ್ನದ ದಾರದಲ್ಲಿ 'ಹನ್ನೆರಡು ಮಂದಿ, ಒಂದೇ ಹೃದಯ' ಎಂದು ಕಸೂತಿ ಹಾಕಿಸಿದ್ದರು. ವೆಂಡೆಲ್‌ಗೆ ಮೈಯೆಲ್ಲ ಹೇಸಿತು. ಅದಕ್ಕಿಂತ ಹೇಸಿಗೆಯ ಸಂಗತಿಯೆಂದರೆ, ಅವನ ಬೆರಳು ಆಗಲೇ ಆ ಬಟ್ಟೆಯನ್ನು ಸವರುತ್ತಿತ್ತು.

ಕಿಟಕಿಯ ಹೊರಗೆ ಕ್ಲಬ್ಬಿನ ಗಂಡ ಹೆಂಡಿರ ಜೋಡಿ ಪಂದ್ಯ ನಡೆದಿತ್ತು. ಪ್ರತಿ ಅಕ್ಟೋಬರಿನಲ್ಲಿ ನಡೆಯುವ ಇದಕ್ಕೆ ಸದಸ್ಯರೆಲ್ಲ ಡೈವೋರ್ಸ್ ಪಂದ್ಯ ಎನ್ನುತ್ತಿದ್ದರು. ಉದುರಿದ ಎಲೆಗಳ ನಡುವೆ ಒಬ್ಬ ಮುದುಕ ಚೆಂಡಿಟ್ಟು ಕೋಲೆತ್ತಿದ್ದ. ಹೆಂಡತಿಯ ದನಿ ಗಾಜು ದಾಟಿ ಬಂತು.

"ರೀ, ನಿಮ್ಮ ಚೆಂಡು ಎತ್ಕೊಳ್ಳಿ. ನಂದಿಡಿ."

"ನಿಂದು ಕಲ್ಲಿದ್ದ ಹಾಗಿದೆ ಕಣೇ."

"ಎರಡನೇ ಏಟು ಹೊಡಿಯೋಳು ನಾನು ತಾನೆ? ಐವತ್ತು ವರ್ಷದಿಂದ ಹೇಳ್ತಿದೀನಿ, ತಲೆಗೇ ಹೋಗಲ್ಲ ನಿಮಗೆ!"

ಮುದುಕ ಗೊಣಗುತ್ತಲೇ ಬಗ್ಗಿ, ಚೆಂಡು ಬದಲಿಸಿ, ಹೊಡೆದ.

ವೆಂಡೆಲ್ ಕೋಟನ್ನು ಪ್ರೂಯಿಟ್‌ನ ತೋಳಿನ ಮೇಲೆ ಹಾಕಿ ಒಳಗೆ ಹೋದ. ಒರೆಸುವ ಬಟ್ಟೆ ತೆಗೆದುಕೊಂಡು ಒಂದರಿಂದ ಹತ್ತೊಂಬತ್ತರವರೆಗೆ ಅಳಿಸಿದ.

"ಬರ್ಕೊಳ್ಳಿ," ಅಂದ. "ಮಂಗಳವಾರ ಬ್ರೈಸ್ ಟಾಲಿವರ್ ಜೊತೆಗಾರನ ಚೆಂಡಲ್ಲಿ ಹೊಡಿಯಲ್ಲ ಅಂದ. ಮಿಚ್ ನನ್ನ ಮುಖ ನೋಡ್ದ. ನಾನು ಹೋಗ್ಲಿ ಬಿಡು ಅಂದೆ, ಕ್ಯಾಪ್ಟನ್ ಆಗೋ ಆಸೆಗೆ. ಮಿಚ್‌ದು ಏನೂ ತಪ್ಪಿಲ್ಲ. ಅವನ ಹೆಸರು ಪಟ್ಟೀಲಿ ವಾಪಸ್ ಹಾಕಿ, ಕ್ಯಾಪ್ಟನ್ ಜಾಗದಿಂದ ನಂದು ತೆಗೀರಿ."

ಬಾಗಿಲಲ್ಲಿ ನಿಂತಿದ್ದ ಪ್ರೂಯಿಟ್, "ಬ್ರೈಸ್‌ನ ಎದುರು ಹಾಕ್ಕೊಂಡು ತಂಡ ಕಟ್ಟೋಕಾಗುತ್ತೇನಯ್ಯ?" ಎಂದ.

"ಎಂಜಲಿಗೆ ಹೇಸೋನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಒಂದೇ ತಟ್ಟೇಲಿ ಉಣ್ಣೋಕಾಗುತ್ತಾ?"

ಮೂಲೆಯಲ್ಲಿದ್ದ ತಜ್ಞ ತನ್ನ ಸ್ಯಾಂಡ್‌ವಿಚ್ಚನ್ನು ಜಗಿಯುತ್ತಲೇ ಇದ್ದ.

ಮೂರು ವಾರದ ಮೇಲೆ ವರದಿ ಹೊರಬಂತು. ಹತ್ತೊಂಬತ್ತು ಕಾರಣಗಳೂ ಯಥಾಪ್ರಕಾರ ಇದ್ದವು. ಅಳಿಸುವ ಮೊದಲೇ ಯಾರೋ ಹಲಗೆಯ ಫೋಟೋ ತೆಗೆದಿಟ್ಟಿದ್ದರಂತೆ. ಇಪ್ಪತ್ತನೆಯದು ಹೊಸದು: ಉಪನಾಯಕ ವೆಂಡೆಲ್ ಸ್ಟೌಟ್ ಅವರ ಕರ್ತವ್ಯಲೋಪ, ಅವರೇ ಒಪ್ಪಿಕೊಂಡಂತೆ. ನಲವತ್ತು ಪುಟದಲ್ಲಿ ಚೆಂಡಿನ ಮಾತು ಎಲ್ಲೂ ಇರಲಿಲ್ಲ. ನೀಲಿ ಕೋಟು ಬ್ರೈಸನ ಗೆಳೆಯನೊಬ್ಬನ ಮೈಮೇಲೆ ಟೀವಿಯಲ್ಲಿ ಕಾಣಿಸಿಕೊಂಡಿತು. ತೋಳು ಅವನಿಗೆ ಉದ್ದವಾಗಿತ್ತು. ಥೂ ಎಂದು ಉಗಿದು ವೆಂಡೆಲ್ ಟೀವಿ ಆರಿಸಿದ. ಉಗಿದದ್ದು ಯಾರಿಗೆ ಎಂದು ಅವನಿಗೇ ಸರಿಯಾಗಿ ತಿಳಿಯಲಿಲ್ಲ.

ಮಿಚ್‌ಗೆ ತಾನೇ ಫೋನ್ ಮಾಡಿದ.

"ಎಲ್ಲ ಹೇಳ್ದೆ ಕಣಪ್ಪ. ಹೆಸರು ಹಿಡಿದೇ ಹೇಳ್ದೆ. ಆದ್ರೂ ನಿನ್ನನ್ನ ಪಟ್ಟಿಗೆ ಸೇರಿಸ್ಲಿಲ್ಲ."

"ಗೊತ್ತಾಯ್ತು ಸಾರ್. ಕ್ಯಾಪ್ಟನ್ ಪಟ್ಟಾನೂ ಬಿಟ್ರಂತೆ." ಅಂದ ಮಿಚ್. "ಇಷ್ಟೆಲ್ಲ ಯಾಕೆ ಸಾರ್? ಮಂಗಳವಾರ ಒಂದು ಮಾತು ಅಂದಿದ್ರೆ ಸಾಕಿತ್ತು."

ಆ ಕಡೆ ಫೋನ್ ಇಟ್ಟ ಸದ್ದಾಯಿತು. ವೆಂಡೆಲ್ ಈ ಕಡೆ ಕಿವಿಗೆ ಹಿಡಿದುಕೊಂಡೇ ನಿಂತಿದ್ದ.