ಖಾಲಿ ಒಲೆಯ ಹೊಗೆ

ಬೇಕರಿಯವನಿಗೆ ಬೀದಿಯವರು ಇಟ್ಟ ಹೆಸರು ಬಿಸಿಯಣ್ಣ. ಬ್ರೆಡ್ಡೂ ಬಿಸಿ, ಮಾತೂ ಬಿಸಿ. ಅವತ್ತಂತೂ ಮುಖದ ಮೇಲೆ ಎಳ್ಳು ಹಾಕಿದರೆ ಚಟಪಟ ಸಿಡಿಯುವಂತಿತ್ತು. ಒಲೆಗೆ ಕಟ್ಟಿಗೆ ಕೊಡುತ್ತಿದ್ದ ಸಾಮಿಲ್ಲಿನವನು, "ಇನ್ಮೇಲೆ ಅರ್ಧ ಲೋಡಷ್ಟೇ ಅಣ್ಣ, ಮರಾನೇ ಬರ್ತಿಲ್ಲ" ಎಂದು ಕೈಚೆಲ್ಲಿ ಹೋಗಿದ್ದ.

ಒಳಗೆ ಮಗಳು ಹಿಟ್ಟು ನಾದುತ್ತಿದ್ದಳು. ಮುಂದೆ ಈ ಬೇಕರಿ ತಾನೇ ನಡೆಸಬೇಕೆಂಬುದು ಅವಳ ಆಸೆ. ಕೆಲಸವೂ ಕೈಗೆ ಹತ್ತಿತ್ತು. ಅಪ್ಪ ಅವಳ ಮುಖ ನೋಡದೆ, "ಬೇರೆ ಎಲ್ಲಾದ್ರೂ ಕೆಲಸ ಹುಡುಕ್ಕೋ ಮಗಳೇ. ಇದು ನನ್ನ ಕಾಲಕ್ಕೇ ಮುಗೀತು" ಎಂದುಬಿಟ್ಟ. ಅವಳ ಕೈ ಹಿಟ್ಟಿನಲ್ಲೇ ನಿಂತಿತು. ಅಪ್ಪ ಒಲೆಯ ಕಡೆ ತಿರುಗಿ ಇನ್ನೊಂದು ಕಟ್ಟಿಗೆ ತುರುಕಿದ.

ಮಧ್ಯಾಹ್ನ ನಾದಿನಿ ಬಂದಳು. ಹೆಂಡತಿಯ ತಂಗಿ. ಸಣ್ಣ ಉದ್ದಿಮೆದಾರರ ಸಂಘದಲ್ಲಿ ಸಲಹೆ ಕೊಡುವುದು ಅವಳ ಕೆಲಸ. ಭಾವನನ್ನು ಕಾಡಿಸುವುದು ಸಂಬಳವಿಲ್ಲದ ಇನ್ನೊಂದು ಕೆಲಸ. ನೇರ ಒಲೆಯ ಬಳಿ ಹೋಗಿ ಇಣುಕಿದಳು.

"ಭಾವ, ಒಳಗೆ ಒಂದು ಬನ್ನೂ ಇಲ್ಲ. ಬೆಂಕಿ ಯಾಕೆ ಧಗಧಗ ಅಂತಿದೆ?"

"ಹೊಗೆಗೆ."

"ಹೊಗೆಗಾ?!"

"ನಮ್ಮಪ್ಪನ ಕಾಲದಿಂದ ಹಾಗೇ ಕಣಮ್ಮ. ಚಿಮಣಿಯಲ್ಲಿ ಹೊಗೆ ಕಂಡ್ರೆ ಬೇಕರಿ ತೆಗೆದಿದೆ ಅಂತ ಜನಕ್ಕೆ ಗೊತ್ತಾಗತ್ತೆ. ಹೊಗೆ ನಿಂತ್ರೆ ಗಿರಾಕಿ ವಾಪಸ್."

ಮಗಳು ತಲೆ ತಗ್ಗಿಸಿ ನಕ್ಕಳು, ಬೆಳಗಿನ ಸಂಗತಿಯನ್ನೂ ಚಿಕ್ಕಮ್ಮನ ಕಿವಿಗೆ ಹಾಕಿದಳು. ನಾದಿನಿ ನಗಲಿಲ್ಲ.

"ಕಟ್ಟಿಗೆ ಇಲ್ಲ ಅಂತ ಮಗಳ ಆಸೆಗೆ ತಣ್ಣೀರೆರಚ್ತೀರಿ. ಇರೋ ಕಟ್ಟಿಗೇನ ಖಾಲಿ ಒಲೆಗೆ ಸುರೀತೀರಿ. ಇದ್ಯಾವ ನ್ಯಾಯ ಭಾವ?"

"ಸಂಘದಲ್ಲಿ ಕೂತು ಹೇಳೋದು ಸುಲಭ."

"ಸರಿ, ಇಲ್ಲೇ ನಿಂತು ಹೇಳ್ತೀನಿ. ನಾಳೆ ಒಂದೇ ಸಲ ಉರಿ ಹಾಕಿ. ಒಲೆ ಬಾಗಿಲ ಸಂದಿಗೆ ಮಣ್ಣು ಮೆತ್ತಿ, ಕಾವು ಸೋರಬಾರದು. ಒಲೆ ಜೋರಾಗಿ ಕಾದಾಗ ಬ್ರೆಡ್ಡು. ಸ್ವಲ್ಪ ಇಳಿದ ಮೇಲೆ ಬಿಸ್ಕತ್ತು. ಉಳಿದ ಕಾವಲ್ಲಿ ರಸ್ಕು. ಮಧ್ಯೆ ಒಂದು ಚೂರು ಕಟ್ಟಿಗೇನೂ ಹಾಕೋ ಹಾಗಿಲ್ಲ."

"ಒಂದು ದಿನ ಮಾಡಿ ನೋಡೋಣ ಅಪ್ಪಾ," ಎಂದಳು ಮಗಳು.

ಬೆಳಿಗ್ಗೆ ಮಗಳಿಗೆ ಆಡಿದ ಮಾತು ಅಪ್ಪನನ್ನು ಇನ್ನೂ ಚುಚ್ಚುತ್ತಿತ್ತು. ಬಿಸಿಯಣ್ಣ ಗೊಣಗುತ್ತಲೇ ಒಪ್ಪಿದ.

ಮರುದಿನ ಮಧ್ಯಾಹ್ನ ಚಿಮಣಿಯಲ್ಲಿ ಹೊಗೆಯ ಸುಳಿವಿಲ್ಲ. ಬಿಸಿಯಣ್ಣ ಒಲೆಗೂ ಬಾಗಿಲಿಗೂ ಅಂಗಾಲು ಸುಟ್ಟ ಬೆಕ್ಕಿನಂತೆ ಓಡಾಡಿದ. ರಸ್ಕು ಮಾತ್ರ ಗರಿಗರಿಯಾಗಿ ಬಂತು. ಕಡಿದು ನೋಡಿದ, ತಪ್ಪು ಹುಡುಕಲು ಆಗಲಿಲ್ಲ. ಅಷ್ಟರಲ್ಲಿ ಎದುರಂಗಡಿಯ ಟೈಲರಮ್ಮ ಮೆಟ್ಟಿಲು ಹತ್ತಿ ಬಂದಳು. ಅವಳು ಇತ್ತ ತಲೆ ಹಾಕಿ ವರ್ಷಗಳೇ ಆಗಿದ್ದವು.

"ಇವತ್ತು ಬೇಕರಿ ಮುಚ್ಚಿದೆ ಅಂದ್ಕೊಂಡ್ರಾ?" ಬಿಸಿಯಣ್ಣ ಅಳುಕುತ್ತ ಕೇಳಿದ.

"ಬಾಗಿಲು ತೆಗೆದಿರೋದು ಕಾಣಲ್ವೇನಪ್ಪಾ ನಂಗೆ? ಇಷ್ಟು ದಿನ ನಿನ್ನ ಹೊಗೆ ಕಾಟಕ್ಕೆ ಕಿಟಕಿ ಮುಚ್ಕೊಂಡು ಹೊಲೀತಿದ್ದೆ. ಬಿಳಿ ಬಟ್ಟೆ ಮೇಲೆಲ್ಲ ಮಸಿ! ಆ ಸಿಟ್ಟಿಗೇ ಬ್ರೆಡ್ಡಿಗೆ ಆಚೆ ಬೀದಿಗೆ ಹೋಗ್ತಿದ್ದೆ. ಕೊಡು, ಒಂದು ಪೊಟ್ಟಣ ರಸ್ಕು."

ಅವಳು ಹೋದ ಮೇಲೆ, ಏನಾಯಿತೆಂದು ನೋಡಲು ಬಂದಿದ್ದ ನಾದಿನಿ ಕೆಮ್ಮಿದಳು. "ಗಿರಾಕಿ ಯಾಕೆ ವಾಪಸ್ ಹೋಗ್ತಿದ್ರು ಅಂತ ಗೊತ್ತಾಯ್ತಾ ಭಾವ?"

"ಸಾಕು ಬಿಡಮ್ಮ, ಇರೋ ಮಾನಾನೂ ತೆಗೀಬೇಡ" ಎಂದ ಬಿಸಿಯಣ್ಣ. ಆದರೆ ನಗು ತಡೆಯಲಾಗಲಿಲ್ಲ.

ಸಂಜೆ ಮೂವರೂ ಕೂತರು. ಈ ರೀತಿ ಸುಟ್ಟರೆ ಅರ್ಧ ಲೋಡು ಸಾಕು, ಸರಿ. ಅದೂ ನಿಂತರೆ? ಮಗಳು ಬಾಯಿಬಿಟ್ಟಳು. ಮೊದಲು ಒಲೆಯ ಗೋಡೆ ದಪ್ಪ ಮಾಡಿಸೋಣ, ಬೇಗ ಆರುವುದಿಲ್ಲ. ಆಮೇಲೆ ಕಡಿಮೆ ಮಾಲು ಇದ್ದ ದಿನಕ್ಕೊಂದು ಚಿಕ್ಕ ಕರೆಂಟಿನ ಒಲೆ. ಮಿಕ್ಕ ಬ್ರೆಡ್ಡು ಬಿಸಾಡುವುದು ಬೇಡ, ಅಷ್ಟೂ ರಸ್ಕಾಗಲಿ. ಎಲ್ಲ ಒಟ್ಟಿಗೇ ಬೇಡ, ವರ್ಷಕ್ಕೊಂದು.

ಬಿಸಿಯಣ್ಣ ಬೆರಗಾಗಿ ಕೇಳಿದ, "ಇದನ್ನೆಲ್ಲ ಯಾವಾಗ ಯೋಚಿಸಿದ್ದೆ ನೀನು?"

"ಯಾವಾಗಿಂದಾನೋ. ನೀನು ಕೇಳಿದ್ರೆ ತಾನೇ ಅಪ್ಪಾ ಹೇಳೋದು?"

ಬಿಸಿಯಣ್ಣ ಒಲೆಯ ಸಲಾಕೆ ತಂದು ಮಗಳ ಕೈಗಿಟ್ಟ. "ಎಲ್ಲೂ ಕೆಲಸ ಹುಡುಕ್ಬೇಡ. ನಾಳೆಯಿಂದ ಒಲೆ ನಿಂದು. ನೀನು ಹೇಳಿದಷ್ಟೇ ಕಟ್ಟಿಗೆ ಹಾಕ್ತೀನಿ."

ಬಂಧುಗಳೇ, ನಿಮ್ಮದು ಹಿಟ್ಟಿನ ಗಿರಣಿಯೋ, ಲಾಂಡ್ರಿಯೋ, ಗ್ಯಾರೇಜೋ, ಯಾವುದಾದರೂ ಇರಲಿ. ನೀರು, ಕರೆಂಟು, ಕಟ್ಟಿಗೆ ಕೈಕೊಡುವ ತನಕ ಕಾಯಬೇಡಿ. ಏನು ಸುಮ್ಮನೆ ಪೋಲಾಗುತ್ತಿದೆ ಎಂದು ಇವತ್ತೇ ಒಂದು ಸುತ್ತು ನೋಡಿ. ಗೊತ್ತಾಗದಿದ್ದರೆ ಹತ್ತಿರದ ಸಂಘದವರನ್ನು ಕೇಳಿ, ನಾಚಿಕೆ ಬೇಡ. ಅದಕ್ಕೂ ಮೊದಲು, ನಿಮ್ಮ ನಂತರ ಆ ಅಂಗಡಿಯಲ್ಲಿ ನಿಲ್ಲಬೇಕಾದ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಅವರು ಆಗಲೇ ಯೋಚಿಸಿಟ್ಟಿರಬಹುದು.