ಜೋಡಿಗೆ ಒಂದೇ ಲಾಳ

ಲಾಳ ಕಟ್ಟುವುದರಲ್ಲಿ ಅವನಿಗೆ ಸಮನಾದವನು ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಧೈರ್ಯ ಯಾರಿಗೂ ಇಲ್ಲ. ಅವನು ಸುತ್ತಿಗೆ ಎತ್ತಿದರೆ ಮೂರು ಬೀದಿಯಾಚೆಯ ಕೂಸುಗಳು ಎದ್ದು ಕೂರುತ್ತಿದ್ದವು. ಗೊರಸನ್ನು ಒಮ್ಮೆ ನೋಡಿದರೆ ಆ ಕುದುರೆಯ ಮುತ್ತಜ್ಜಿ ಯಾವ ಕಾಲಲ್ಲಿ ಕುಂಟುತ್ತಿದ್ದಳೆಂದು ಹೇಳಿಬಿಡುತ್ತಿದ್ದ. ಇಂಥವನ ಕುಲುಮೆ ಬಿಟ್ಟು, ಸ್ವಂತ ಹೆಂಡತಿಯ ತಮ್ಮನೇ ಪೇಟೆಯ ಹೊಸ ಅಂಗಡಿಗೆ ಹೋಗಿಬಂದಿದ್ದ!

ಬಾಮೈದನದು ಕಲ್ಲುಚಪ್ಪಡಿ ಸಾಗಿಸುವ ಬಂಡಿ. ಎಳೆಯುವ ಜೋಡಿಯ ಹೆಸರು ಗುಡ್ಡ, ಬೆಟ್ಟ. ಸೀನಿದರೆ ಹೆಂಚು ಹಾರುವಂಥ ಕುದುರೆಗಳು. ಗೊರಸೋ ಊಟದ ತಟ್ಟೆಯಗಲ. ಬಿಸಿಲಿದ್ದಾಗ ಬೆಟ್ಟನಿಗೆ ಹೊಸ ಅಂಗಡಿಯಲ್ಲಿ ಲಾಳ ಕಟ್ಟಿಸಿದ್ದ. ಈಗ ಎರಡನ್ನೂ ಹಿಡಿದುಕೊಂಡು ಭಾವನ ಬಾಗಿಲಿಗೆ ಬಂದ.

"ಏನಪ್ಪಾ, ಅಲ್ಲಿ ಕಬ್ಬಿಣ ಮುಗಿದುಹೋಯ್ತಾ?"

"ಚುಚ್ಚಬೇಡ ಭಾವ. ಗುಡ್ಡನ ಅಳತೆದು ಆ ಅಂಗಡಿ ಹುಡುಗನ ಹತ್ರ ಇಲ್ವಂತೆ. ಮಳೆ ಶುರುವಾಯ್ತು, ದಿಬ್ಬದ ಕಲ್ಲು ಜಾರುತ್ತೆ. ಇವನಿಗೆ ಹಲ್ಲಿರೋ ಲಾಳ ಹಾಕು."

ಅವನು ಬೆಟ್ಟನ ಕಾಲೆತ್ತಿ ನೋಡಿದ. ಹಲ್ಲಿಲ್ಲದ ಸಪಾಟು ಲಾಳ. ಜೋಡಿಗೆ ಒಂದೇ ಥರದ್ದಿರಬೇಕೆಂದು ಅಪ್ಪ ಅವನಿಗೆ ಕಿವಿ ಹಿಂಡಿ ಕಲಿಸಿದ್ದ. ಎರಡಕ್ಕೂ ಹಲ್ಲಿದ್ದರೆ ಎರಡೂ ಭಾರ ತಡೆಯುತ್ತವೆ. ಒಂದಕ್ಕೇ ಇದ್ದರೆ, ಜಾರುವುದು ಒಂದು, ಬಂಡಿಯೆಲ್ಲ ಬಂದು ಕೂರುವುದು ಇನ್ನೊಂದರ ಮೇಲೆ. ಬೆಟ್ಟನದನ್ನೂ ಕೀಳಬೇಕು ಎಂಬ ಮಾತು ನಾಲಿಗೆಯ ತುದಿಗೆ ಬಂತು.

"ಅದಕ್ಕೆ ಕೈ ಹಾಕಬೇಡ, ಚೆನ್ನಾಗಿ ಕೂತಿದೆ," ಎಂದ ಬಾಮೈದ. "ಏನೇ ಅನ್ನು ಭಾವ, ಆ ಹುಡುಗ ಕೆಲಸಗಾರ. ನಿನ್ನಷ್ಟು ಬಾಯಿಲ್ಲ, ಅಷ್ಟೆ."

ಮಾತು ಗಂಟಲಿಗಿಳಿಯಿತು. ಇಳಿಯಿತೆಂದರೆ ಸುಳ್ಳಾದೀತು; ಅವನೇ ನುಂಗಿದ. ಬೆಟ್ಟ ನಾಲ್ಕು ಜನರೆದುರು ಒಮ್ಮೆ ಜಾರಲಿ, ಪಕ್ಕದಲ್ಲಿ ಗುಡ್ಡ ಕಂಬದ ಹಾಗೆ ನಿಲ್ಲಲಿ. ಯಾರು ಕೆಲಸಗಾರನೆಂದು ಪೇಟೆಯೇ ಹೇಳಲಿ.

"ಆಯ್ತಪ್ಪ, ನೀನು ಹೇಳಿದ ಹಾಗೇ."

ಎಂಥ ಲಾಳ ಬಡಿದನೆಂದರೆ, ಅದನ್ನು ತೊಟ್ಟ ಕುದುರೆ ಗೋಡೆ ಹತ್ತಬಹುದಿತ್ತು.

ಮೂರನೆಯ ದಿನ, ತುಂಬಿದ ಬಂಡಿ ದಿಬ್ಬ ಇಳಿಯುವಾಗ ಬೆಟ್ಟ ಜಾರಿ ಕುಂಡೆಯೂರಿದ. ಗುಡ್ಡ ಜಾರಲಿಲ್ಲ. ಅಷ್ಟೂ ಚಪ್ಪಡಿಯ ಭಾರ ಅವನ ಹಿಂಗಾಲಿಗೆ ಬಂತು. ಮೂಳೆ ಮುರಿದ ಸದ್ದು ಅರ್ಧ ಮೈಲಿಯಾಚೆಯ ಕುಲುಮೆಗೆ ಕೇಳಿಸುವುದು ಸಾಧ್ಯವಿಲ್ಲ, ಅವನಿಗೆ ಕೇಳಿಸಿತು. ಮಧ್ಯಾಹ್ನದೊಳಗೆ ಗುಡ್ಡನಿಗೆ ಗುಂಡು ಹೊಡೆದರು. ಬೆಟ್ಟನಿಗೆ ಮಂಡಿ ತರಚಿತ್ತು.

ವಾರದ ಮೇಲೆ ಬಾಮೈದ ಬೆಟ್ಟನೊಬ್ಬನನ್ನೇ ಹಿಡಿದು ಬಂದ. ಕಣ್ಣು ಊದಿತ್ತು.

"ನಿನ್ನ ಲಾಳ ಕೂದಲೆಳೆಯಷ್ಟೂ ಜಾರಲಿಲ್ಲ ಭಾವ. ಅವನದು ಬೆಣ್ಣೆ. ಸಿಕ್ಕಿದೋರಿಗೆಲ್ಲ ಅದೇ ಹೇಳ್ತಿದೀನಿ. ಇನ್ನು ಅವನ ಅಂಗಡಿಗೆ ನೊಣಾನೂ ಹೋಗಲ್ಲ." ಬಾಮೈದ ಕುದುರೆಯ ಕತ್ತಿಗೆ ಮುಖ ಒತ್ತಿಕೊಂಡ. "ನನ್ನ ಗುಡ್ಡನ್ನ ಕೊಂದಿದ್ದು ಅವನೇ, ಅಲ್ವಾ?"

ಇಕ್ಕಳ ಕೈಯಲ್ಲಿತ್ತು. ಕುಲುಮೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೇಳುವುದಾದರೆ ಹೇಳಬಹುದಿತ್ತು.

"ಹೂಂ," ಎಂದ ಭಾವ. "ಅವನೇ."

ಸಂಜೆಯೊಳಗೆ ಬಾಗಿಲಲ್ಲಿ ಹನ್ನೊಂದು ಕುದುರೆಗಳು ಸಾಲುಗಟ್ಟಿದವು. ಅವನು ಎರಡು ಸಲ ಎಣಿಸಿದ.