ಬ್ರೇಕಿಲ್ಲದ ಸೀಟು

ನನ್ನ ತಮ್ಮನ ಬಡಾಯಿ ಬೆಟ್ಟದ ಬುಡದಿಂದ ತುದಿಯವರೆಗೂ ನಡೆಯಿತು. "ಹಾರೋದೇನು ಮಹಾ, ಸುಮ್ನೆ ಕೂತ್ಕೊಂಡ್ರೆ ಆಯ್ತು" ಎನ್ನುತ್ತಲೇ ಜೀಪಿನಲ್ಲಿ ಬಂದ. ತುದಿಯಲ್ಲಿ ಇಳಿದು, ಹುಲ್ಲಿನ ಇಳಿಜಾರು ಮುಗಿದಲ್ಲಿ ಬರೀ ಗಾಳಿಯಿರುವುದನ್ನು ಕಂಡನೋ ಇಲ್ಲವೋ, ಅವನ ಮಂಡಿಗೆ ನೋವು ಬಂತು. ವಾಪಸ್ಸು ಜೀಪಿನೊಳಗೆ ಹೋಗಿ ಬಾಗಿಲು ಹಾಕಿಕೊಂಡ.

"ಲೋ, ಹೊರಗೆ ಬಾರೋ!"

"ಬೈಯಿ ಅಕ್ಕ, ಬೇಕಾದ್ರೆ ಹೊಡಿ. ನಾನಂತೂ ಬರಲ್ಲ."

ಅವನನ್ನು ಬೈದು ಏನು ಬಂತು? ಅವತ್ತು ನನ್ನ ಮಗಳ ಪರೀಕ್ಷೆ. ಪ್ಯಾರಾಗ್ಲೈಡರಿನಲ್ಲಿ ಒಬ್ಬಳೇ ಹಾರುವುದರಲ್ಲಿ ಅವಳು ಎಂದೋ ಪಳಗಿದ್ದಾಳೆ. ಇನ್ನೊಬ್ಬರನ್ನು ಮುಂದೆ ಕೂರಿಸಿಕೊಂಡು ಹಾರಿಸಲು ಬೇರೆ ಪರವಾನಗಿ ಬೇಕು. ಅದು ಸಿಕ್ಕರೆ ಇದೇ ಬೆಟ್ಟದಲ್ಲಿ ಕೆಲಸ ಕಾದಿತ್ತು. ಪರೀಕ್ಷೆಯಲ್ಲಿ ಹಿಂದೆಂದೂ ಹಾರದ ಒಬ್ಬರನ್ನು ಪರೀಕ್ಷಕರ ಕಣ್ಣೆದುರು ಕ್ಷೇಮವಾಗಿ ಕೆಳಗಿಳಿಸಬೇಕು. ಅದಕ್ಕೆಂದೇ ಒಪ್ಪಿ ಬಂದವನು ನನ್ನ ತಮ್ಮ. ಆ ಚಳಿಗಾಲದ ಕೊನೆಯ ಪರೀಕ್ಷೆ ಅದು. ತಪ್ಪಿದರೆ ಮುಂದಿನ ವರ್ಷವೇ.

"ನಾನ್ ಬರ್ತೀನಿ" ಎಂದೆ.

"ಅಮ್ಮಾ, ನೀನಾ?" ಎಂದಳು ಮಗಳು. ಸಂತೋಷದ ದನಿಯಲ್ಲ ಅದು.

ಅದಕ್ಕೆ ಕಾರಣವಿತ್ತು. ನನ್ನದು ಡ್ರೈವಿಂಗ್ ಸ್ಕೂಲು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವಳು ನಾನು. ನಮ್ಮ ಕಾರಿನಲ್ಲಿ ಕಲಿಸುವವರ ಕಾಲಡಿಯಲ್ಲೂ ಒಂದು ಬ್ರೇಕಿರುತ್ತದೆ, ಅದನ್ನು ಒತ್ತುವುದರಲ್ಲಿ ನನ್ನದು ಧಾರಾಳದ ಕಾಲು. ಮಗಳಿಗೆ ಕಲಿಸುವಾಗ ಒಂದು ದಿನ ಎಷ್ಟು ಸಲ ಒತ್ತಿದೆನೆಂದರೆ, ಅವಳು ನಡುರಸ್ತೆಯಲ್ಲೇ ಇಳಿದು, "ನೀನೇ ಓಡಿಸ್ಕೋ ಹೋಗು" ಎಂದು ಮನೆಗೆ ನಡೆದುಬಿಟ್ಟಳು. ಅಂದಿನಿಂದ ಸ್ಟೀರಿಂಗ್ ಮುಟ್ಟಿಲ್ಲ ಮಹಾರಾಯ್ತಿ.

ಬೇರೆ ದಾರಿಯಿರಲಿಲ್ಲ. ನನಗೆ ಹೆಲ್ಮೆಟ್ ಹಾಕಿ, ಎದೆಗೆ, ತೊಡೆಗೆ ಪಟ್ಟಿ ಬಿಗಿದು, ಒಂದೊಂದು ಕೊಂಡಿಯನ್ನೂ ಎಳೆದೆಳೆದು ನೋಡಿದಳು.

"ಗಾಳಿ ಕಮ್ಮಿ ಇದೆ ಅಮ್ಮ. ಓಡು ಅಂದ್ರೆ ಓಡ್ತಾನೇ ಇರ್ಬೇಕು. ಕಾಲಿಗೆ ನೆಲ ಸಿಗದಿದ್ರೂ ಓಡ್ಬೇಕು."

"ಗೊತ್ತಾಯ್ತು, ನನಗೇ ಪಾಠ ಹೇಳ್ಬೇಡ."

"ಓಡು!"

ಓಡಿದೆ. ಹಿಂದೆ ಬಟ್ಟೆಯ ರೆಕ್ಕೆ ಭರ್ರೆಂದು ಎದ್ದಿತು. ಎದುರಿಗೆ ಅಂಚು ಕಂಡಿತು. ನನ್ನ ಬಲಗಾಲು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಹಿಮ್ಮಡಿಯೂರಿ ಬ್ರೇಕ್ ಹಾಕಿಯೇಬಿಟ್ಟಿತು! ಮಗಳು ಆ ಕ್ಷಣವೇ ರೆಕ್ಕೆಯನ್ನು ಎಳೆದು ಕೆಡವಿದಳು, ಇಬ್ಬರೂ ಹುಲ್ಲಿನ ಮೇಲೆ ದೊಪ್ಪೆಂದು ಬಿದ್ದೆವು.

ಪರೀಕ್ಷಕರು ಹತ್ತಿರ ಬಂದರು. "ಇನ್ನೊಂದೇ ಸಲ ಬಿಡ್ಬಹುದು. ಬೇರೆ ಯಾರಾದ್ರೂ ಇದ್ರೆ ನೋಡಿ."

ಜೀಪಿನಲ್ಲಿದ್ದ ತಮ್ಮ ಕಿಟಕಿಯ ಗಾಜನ್ನೂ ಏರಿಸಿಕೊಂಡ.

ಮಗಳು ಸಿಡುಕುತ್ತಾಳೆಂದುಕೊಂಡೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಬೆಟ್ಟವೇ ನಡುಗುವಂತೆ ಕೂಗಿರುತ್ತಿದ್ದೆ. ಅವಳು ನನ್ನ ತೋಳಿಗಂಟಿದ ಹುಲ್ಲು ಕೊಡವಿ, "ಮುಂದೆ ನೋಡ್ಬೇಡ ಅಮ್ಮ, ನನ್ನ ದನಿ ಕೇಳು ಅಷ್ಟೇ. ನಿಲ್ಸೋದು ನನ್ನ ಕೆಲಸ" ಎಂದಳು. ಅಬ್ಬಾ, ಇಷ್ಟು ತಾಳ್ಮೆ ಇವಳಿಗೆಲ್ಲಿಂದ ಬಂತು? ಅವರಪ್ಪನಿಂದಲೇ ಇರಬೇಕು.

ಎರಡನೇ ಸಲ ಹಲ್ಲು ಕಚ್ಚಿ ಓಡಿದೆ. ಹಿಂದಿನಿಂದ "ಓಡು, ಓಡು" ಎನ್ನುತ್ತಲೇ ಇದ್ದಳು. ಅಂಚು ಬಂತು, ಜೀವ ಬಾಯಿಗೆ ಬಂತು, ಆದರೂ ಓಡಿದೆ.

"ಸಾಕಮ್ಮ, ಕೂತ್ಕೋ. ಆಗ್ಲೇ ಹಾರ್ತಿದ್ದೀವಿ!" ಎಂದು ಹಿಂದಿನಿಂದ ನಕ್ಕಳು.

ಚಳಿ ಮೂಗಿನ ತುದಿ ಕಚ್ಚುತ್ತಿತ್ತು. ಕಣಿವೆಯಲ್ಲಿ ಮಂಜಿನ್ನೂ ಪೂರ್ತಿ ಕರಗಿರಲಿಲ್ಲ. "ಆ ಬಂಡೆ ಬಿಸಿಲಿಗೆ ಕಾದಿದೆ, ಅಲ್ಲಿ ಗಾಳಿ ಮೇಲೇಳ್ತಿರುತ್ತೆ" ಎಂದು ಅತ್ತ ತಿರುಗಿಸಿದಳು. ಹೇಳಿದಂತೆಯೇ ಗಾಳಿ ನಮ್ಮನ್ನು ಸುತ್ತುತ್ತಾ ಎತ್ತಿತು, ಬೆಟ್ಟದ ತುದಿಗಿಂತಲೂ ಮೇಲೆ! ನಡುವೆ ಒಮ್ಮೆ ರೆಕ್ಕೆ ಜೋರಾಗಿ ಅಲುಗಿತು. ನನ್ನ ತಲೆಯ ಎರಡೂ ಬದಿಗೆ ಅವಳ ಕೈಗಳು ಕಾಣುತ್ತಿದ್ದವು. ಹಗ್ಗವನ್ನು ಒಂದಿಷ್ಟು ಎಳೆದವು, ಒಂದಿಷ್ಟು ಬಿಟ್ಟವು, ಎಲ್ಲ ಸರಿಹೋಯಿತು. ಸ್ಟೀರಿಂಗಿನ ಮೇಲೆ ಎಷ್ಟು ಜನರ ಕೈ ನೋಡಿಲ್ಲ ನಾನು! ಇಂಥ ಕೈ ನೋಡಿರಲಿಲ್ಲ. ಹೆಮ್ಮೆಯಿಂದ ಎದೆ ಉಬ್ಬಿ ಪಟ್ಟಿಗಳು ಬಿಗಿಯಾದವು. ಪರೀಕ್ಷಕರು ತಮ್ಮ ಗ್ಲೈಡರಿನಲ್ಲಿ ನಮ್ಮ ಪಕ್ಕದಲ್ಲೇ ಹಾದುಹೋದರಂತೆ, ನನಗೆ ಗೊತ್ತೇ ಆಗಲಿಲ್ಲ.

ಕೆಳಗಿನ ಬಯಲಿನಲ್ಲಿ ನಾಲ್ಕು ಹೆಜ್ಜೆ ಓಡಿ ನೆಟ್ಟಗೆ ನಿಂತೆವು. ಪರೀಕ್ಷಕರೂ ಇಳಿದು ಬಂದರು. ಮುಖದಲ್ಲಿ ನಗುವಿರಲಿಲ್ಲ.

"ಹಾರಾಟ ಚೆನ್ನಾಗಿತ್ತು. ಆದ್ರೆ ನಾನು ಪಕ್ಕದಲ್ಲಿ ಬಂದಾಗ ಇವರು ಕಣ್ಣು ಮುಚ್ಕೊಂಡಿದ್ರು. ಮುಂದೆ ಕೂತವರು ಹೆದರಿದ್ರೆ ಬೇಗ ಇಳಿಸ್ಬೇಕು, ಅದೂ ಪರೀಕ್ಷೆಯ ಭಾಗ. ನೀವು ಇಳಿಸ್ಲಿಲ್ಲ."

ಮಗಳ ಮುಖ ಸಪ್ಪಗಾಯಿತು. ನನಗೆ ರೇಗಿಹೋಯಿತು.

"ಹೆದರಿದ್ನಾ? ಯಾರ್ರೀ ಹೇಳಿದ್ದು? ನಾನು ಡ್ರೈವಿಂಗ್ ಕಲಿಸೋಳು ಸ್ವಾಮಿ. ಯಾರೇ ಓಡಿಸ್ಲಿ, ಒಂದು ದಿನಾನೂ ರೆಪ್ಪೆ ಮುಚ್ಚಿದವಳಲ್ಲ. ನನ್ನ ಗಂಡ ಓಡಿಸಿದ್ರೂ ಇಲ್ಲ, ಬಸ್ಸಲ್ಲಿ ಕೂತ್ರೂ ಇಲ್ಲ. ಇವತ್ತು ಮುಚ್ಚಿದೆ. ಇವಳಿದ್ದಾಳೆ, ನಾನು ನೋಡ್ಬೇಕಾಗಿಲ್ಲ ಅಂತ ಮುಚ್ಚಿದೆ. ಇನ್ನೊಂಚೂರು ಹೊತ್ತು ಬಿಟ್ಟಿದ್ರೆ ಗೊರಕೆ ಹೊಡೀತಿದ್ದೆ!"

ಪರೀಕ್ಷಕರು ಜೋರಾಗಿ ನಕ್ಕುಬಿಟ್ಟರು. "ಹಾಗಾದ್ರೆ ಪಾಸು" ಎಂದು ಮಗಳತ್ತ ಕೈ ಚಾಚಿದರು. ಅವಳು ಆ ಕೈಯನ್ನು ನೋಡಲೇ ಇಲ್ಲ.

"ಅಮ್ಮಾ, ನಿಜವಾಗ್ಲೂ ಮುಚ್ಚಿದ್ಯಾ?"

"ಮುಚ್ಚಿದೆ ಕಣೇ."

ಹೆಲ್ಮೆಟ್ಟಿಗೆ ಹೆಲ್ಮೆಟ್ ಬಡಿಯುವಂತೆ ತಬ್ಬಿಕೊಂಡು, ಬಯಲಿನ ನಡುವೆ ಗೊಳೋ ಎಂದು ಅತ್ತಳು.

"ಮೊದ್ಲು ಅವರ ಕೈ ಕುಲುಕೇ, ಪಾಪ ಕಾಯ್ತಿದ್ದಾರೆ" ಎಂದೆ. ಎನ್ನುತ್ತಲೇ ನಾನೂ ಅವಳನ್ನು ಬಿಡಲಿಲ್ಲ.